ತಡೀರಿ, ಇನ್ನೂ ಒಂದು ಭಾಗ ಇದೆ

ನಮ್ಮ ಷಡ್ಡಕರು ತಮ್ಮ ಜೀವಮಾನದಲ್ಲಿ ಒಂದೇ ಒಂದು ಕೆಲಸವನ್ನು ಎಲ್ಲರಿಗಿಂತ ಮೊದಲು ಮಾಡಿದ್ದಾರೆ. ಅದು, ಒಂದು ಸಭೆಯಲ್ಲಿ ಚಪ್ಪಾಳೆ ತಟ್ಟಿದ್ದು. ಅಲ್ಲಿಂದ ಮುಂದೆ ನಮ್ಮ ಕಟ್ಟಡದಲ್ಲಿ, ಅವರ ಕಚೇರಿಯಲ್ಲಿ, ಕೊನೆಗೆ ಜನ ತುಂಬಿದ ಸಭಾಂಗಣದಲ್ಲಿ ಏನೇನು ನಡೆಯಿತೋ ಅದಕ್ಕೆಲ್ಲ ಆ ಚಪ್ಪಾಳೆಯೇ ಮೂಲ. ಇದು ನಗುವ ವಿಷಯ ಎಂದು ಯಾರಿಗಾದರೂ ಅನಿಸಿದರೆ ನನ್ನ ಅಭ್ಯಂತರವಿಲ್ಲ. ನಾನು ಮಾತ್ರ ನಗದೆ ಹೇಳುತ್ತೇನೆ.

ಷಡ್ಡಕರು ಎಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಕರೆಯುವುದು ಭಾವ ಎಂದು. ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಕೂರುವ ಗುಮಾಸ್ತರು. ನಾವು ಒಂದೇ ಕಟ್ಟಡದವರು. ಕೆಳಗೆ ರಸ್ತೆಗೆ ಮುಖ ಮಾಡಿ ನನ್ನ ಗಡಿಯಾರ ರಿಪೇರಿ ಅಂಗಡಿ, ಅದರ ಹಿಂದೆ ನಮ್ಮ ಮನೆ. ಮೇಲೆ ಎರಡನೇ ಮಹಡಿಯಲ್ಲಿ ಅವರು, ಅತ್ತಿಗೆ, ಮಗಳು ಪುಟ್ಟಿ. ಯಾವುದಕ್ಕೂ ಮುನ್ನುಗ್ಗುವ ಜಾಯಮಾನ ಅವರದಲ್ಲ. ಬಸ್ಸು ಬಂದರೆ ಎಲ್ಲರೂ ಹತ್ತಲಿ ಎಂದು ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಎಲ್ಲರೂ ಹತ್ತುತ್ತಾರೆ, ಬಸ್ಸು ಹೋಗುತ್ತದೆ, ಅವರು ಅಲ್ಲೇ ಇರುತ್ತಾರೆ.

ಪುಟ್ಟಿ ಪಿಟೀಲು ಕಲಿಯುತ್ತಾಳೆ. ಹೋದ ವರ್ಷ ಅವಳ ಸಂಗೀತ ಶಾಲೆಯ ಕಾರ್ಯಕ್ರಮ. ಅವಳು ನುಡಿಸಬೇಕಾಗಿದ್ದದ್ದು ನಾಲ್ಕು ಭಾಗಗಳ ಒಂದು ಕೃತಿ. ಮೂರನೆಯ ಭಾಗ ಬಲು ನಿಧಾನದ್ದು, ತಗ್ಗಿ ತಗ್ಗಿ ಕೊನೆಗೆ ಇಲ್ಲವೇ ಇಲ್ಲ ಎನ್ನುವಷ್ಟು ಸಣ್ಣ ದನಿಯಲ್ಲಿ ನಿಲ್ಲುತ್ತದೆ. ನಿಂತಿತು. ಪುಟ್ಟಿ ಕಮಾನು ಎತ್ತಿ, ಉಸಿರೆಳೆದುಕೊಂಡು, ನಾಲ್ಕನೆಯದಕ್ಕೆ ಸಿದ್ಧಳಾಗುತ್ತಿದ್ದಳು. ಅಷ್ಟರಲ್ಲಿ ನಮ್ಮ ಷಡ್ಡಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ದಿನವಿಡೀ ದೂರಿನ ಅರ್ಜಿಗಳ ಮೇಲೆ ಮೊಹರು ಕುಟ್ಟುವ ಕೈ ಅದು. ಸಭಾಂಗಣದಲ್ಲಿ ಬೇರೆ ಸದ್ದೇ ಇಲ್ಲ. ಎಲ್ಲ ತಲೆಗಳೂ ತಿರುಗಿದವು. ಯಾರೂ ಜೊತೆಗೂಡಲಿಲ್ಲವಲ್ಲ, ಪಾಪ ಇವರಿಗೆ ಧೈರ್ಯ ಸಾಲದು ಎಂದುಕೊಂಡು ಷಡ್ಡಕರು ಇನ್ನಷ್ಟು ಜೋರಾಗಿ ತಟ್ಟಿದರು. ಪಕ್ಕದವರಿಗೆ "ನನ್ನ ಮಗಳು" ಎಂದೂ ಹೇಳಿದರು. ಹಿಂದೆ ಯಾರೋ ಕಿಸಕ್ಕೆಂದರು. ವೇದಿಕೆಯ ಮೇಲೆ ಪುಟ್ಟಿ ನಾಲ್ಕನೆಯ ಭಾಗ ಶುರು ಮಾಡಿ ನಿಲ್ಲಿಸಿದಳು. ಮತ್ತೆ ಶುರು ಮಾಡಿ ಮತ್ತೆ ನಿಲ್ಲಿಸಿದಳು. ಆಮೇಲೆ ತಲೆ ಬಾಗಿಸಿ ಒಳಗೆ ಹೋಗಿಬಿಟ್ಟಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಮುಂದೆ ಒಬ್ಬಳೇ ಕೂತಳು, ಪಕ್ಕದ ಸೀಟಿನಲ್ಲಿ ಪಿಟೀಲಿನ ಪೆಟ್ಟಿಗೆ ಇಟ್ಟುಕೊಂಡು. ಮುಖ ಕಿಟಕಿಯ ಕಡೆ. ನಮ್ಮ ಮಾರ್ಗದ ಬಸ್ಸಿನಲ್ಲಿ ಗಂಟೆ ಕೆಟ್ಟು ಯಾವ ಕಾಲವಾಯಿತೋ, ಇಳಿಯುವವರು ಚಪ್ಪಾಳೆ ತಟ್ಟಿದರೆ ಚಾಲಕ ನಿಲ್ಲಿಸುತ್ತಾನೆ. ನಮ್ಮ ನಿಲ್ದಾಣ ಬಂತು. ಷಡ್ಡಕರು ಎರಡೂ ಕೈ ಎತ್ತಿದರು, ಮಗಳ ಬೆನ್ನು ನೋಡಿದರು, ಕೈ ಇಳಿಸಿದರು. ಅತ್ತಿಗೆ ನನ್ನ ಮುಖ ನೋಡಿದರು. ನಾನು ನನ್ನ ಹೆಂಡತಿಯ ಮುಖ ನೋಡಿದೆ. ಆ ಹೊತ್ತಿನಲ್ಲಿ ಚಪ್ಪಾಳೆ ತಟ್ಟುವ ಎದೆ ನಮ್ಮ ಸಂಸಾರದಲ್ಲಿ ಯಾರಿಗೂ ಇರಲಿಲ್ಲ. ಮುಂದಿನ ನಿಲ್ದಾಣದಲ್ಲಿ ಬೇರೆ ಯಾರೋ ಪುಣ್ಯಾತ್ಮರು ತಟ್ಟಿದ ಮೇಲೆ ಇಳಿದು, ಅಷ್ಟು ದೂರ ನಡೆದು ಬಂದೆವು. ಮನೆಯ ಬಾಗಿಲಲ್ಲಿ ಪುಟ್ಟಿ ತಿರುಗಿ ನಿಂತು ಹೇಳಿದಳು:

"ಅಪ್ಪಾ, ಮುಂದಿನ ಸಲ ನೀನು ಬರ್ಬೇಡ."

ಸಿಟ್ಟಿನಿಂದ ಹೇಳಿದ್ದರೆ ಆಗುತ್ತಿತ್ತು. ಅವಳು ಬೇಡಿಕೊಂಡ ಹಾಗೆ ಹೇಳಿದಳು.

ಕೆಲವು ದಿನ ಷಡ್ಡಕರು ಸರಿಯಾಗಿ ಊಟ ಮಾಡಲಿಲ್ಲ. ಒಂದು ಸಂಜೆ ನನ್ನ ಅಂಗಡಿಗೆ ಬಂದು, ರಿಪೇರಿಗೆ ಬಂದ ಗೋಡೆ ಗಡಿಯಾರಗಳ ನಡುವೆ ಸ್ಟೂಲು ಎಳೆದುಕೊಂಡು ಕೂತರು.

"ಮುಗೀತು ಅಂತ ಹೇಗಯ್ಯಾ ಗೊತ್ತಾಗೋದು?"

"ಎಲ್ಲರೂ ತಟ್ಟಿದ ಮೇಲೆ ನಾವು ತಟ್ಟಿದ್ರೆ ಆಯ್ತು, ಭಾವ."

"ಎಲ್ಲರೂ ಹಾಗೇ ಅಂದ್ಕೊಂಡು ಕೂತ್ರೆ?"

ನಾನು ಕೈಯಲ್ಲಿದ್ದ ಗಡಿಯಾರಕ್ಕೆ ಕೀಲಿ ಕೊಟ್ಟೆ. ಆಗ ಅವರು ಜೇಬಿನಿಂದ ಒಂದು ವೃತ್ತಪತ್ರಿಕೆಯ ತುಣುಕು ತೆಗೆದರು. ಹತ್ತಿರದ ಕಾಲೇಜಿನಲ್ಲಿ ಸಂಜೆ ತರಗತಿಗಳು, ಯಾವ ವಯಸ್ಸಿನವರೂ ಸೇರಬಹುದು. ವಿಷಯ: ಸಂಗೀತವನ್ನು ಆಸ್ವಾದಿಸುವುದು ಹೇಗೆ, ಪ್ರಾರಂಭಿಕರಿಗೆ.

ಹೆಸರು ಬರೆಸಲು ನಾನೂ ಜೊತೆಗೆ ಹೋದೆ. ಕಾಲೇಜಿನ ಗುಮಾಸ್ತ ತಲೆ ಎತ್ತದೆ ಕೇಳಿದ, "ಮಗನಿಗೋ, ಮಗಳಿಗೋ?"

"ನನಗೇ."

ಆಗ ತಲೆ ಎತ್ತಿದ. "ಯಾವ ವಾದ್ಯ ನುಡಿಸ್ತೀರಾ?"

"ಸ್ವಾಮಿ, ನನಗೆ ನೆಟ್ಟಗೆ ಚಪ್ಪಾಳೆ ತಟ್ಟೋಕೂ ಬರಲ್ಲ. ಅದಕ್ಕೇ ಬಂದಿದ್ದೀನಿ."

ಒಬ್ಬ ಗುಮಾಸ್ತನ ಕಷ್ಟ ಇನ್ನೊಬ್ಬ ಗುಮಾಸ್ತನಿಗೆ ಅರ್ಥವಾಗುತ್ತದೆ. ಅವನು ಮರುಮಾತಿಲ್ಲದೆ ಮೊಹರು ಒತ್ತಿದ. ಒಬ್ಬರೇ ಕೂರಲು ಸಂಕೋಚ ಎಂದು ಷಡ್ಡಕರು ಮೊದಲ ತರಗತಿಗೆ ನನ್ನನ್ನೂ ಎಳೆದುಕೊಂಡು ಹೋದರು. ತರಗತಿಯ ತುಂಬ ಹುಡುಗ ಹುಡುಗಿಯರೇ. ಸುಲಭವಾಗಿ ಅಂಕ ಬರುತ್ತದೆಂದು ಸೇರಿದವರು ಎಂದು ಅವರು ಕೂತ ಭಂಗಿಯಲ್ಲೇ ತಿಳಿಯುತ್ತಿತ್ತು. ಉಪನ್ಯಾಸಕಿ ತೆಳ್ಳಗಿನ ಹಿರಿಯ ಹೆಂಗಸು, ಬಹಳ ಮೆಲ್ಲಗೆ ಮಾತಾಡುವವರು. ಒಂದು ಸಣ್ಣ ತುಣುಕು ಕೇಳಿಸಿದರು. ಅದು ನಿಂತ ಮೇಲೂ ಸುಮ್ಮನೇ ನಿಂತಿದ್ದರು. ಆಮೇಲೆ ಹೇಳಿದರು:

"ಸದ್ದು ನಿಂತಿತು ಅಂದ್ರೆ ಸಂಗೀತ ಮುಗೀತು ಅಂತ ಅಲ್ಲ. ಒಂದು ಕೃತಿಗೆ ಭಾಗಗಳಿರುತ್ತವೆ. ಭಾಗ ಭಾಗದ ನಡುವೆ ಮೌನ ಇರುತ್ತೆ, ಅದೂ ಸಂಗೀತವೇ. ಆ ಮೌನವನ್ನು ಕಾಯೋದು ಕೇಳುಗರ ಕೆಲಸ."

ಷಡ್ಡಕರ ಮುಖ ನಾನು ನೋಡಿದೆ. ಎಷ್ಟೋ ವರ್ಷದಿಂದ ಎಲ್ಲಿ ಸೋರುತ್ತಿದೆ ಎಂದು ತಿಳಿಯದ ಕೊಳಾಯಿಯ ತೂತು ಕಡೆಗೂ ಸಿಕ್ಕವರ ಹಾಗಿತ್ತು. ಮೆಟ್ಟಿಲಿಳಿಯುವಾಗ ಹೇಳಿದರು, "ವಿಷಯ ಇಷ್ಟೇ ಕಣಯ್ಯಾ. ಉಳಿದಿದ್ದೆಲ್ಲ ಬರೀ ವಿವರ."

ಆ ವಿವರಕ್ಕೆ ಅವರು ಕೊನೆಯವರೆಗೂ ಕಿವಿಗೊಡಲಿಲ್ಲ. ಯಾವ ವಾದ್ಯದ ದನಿ ಯಾವುದು, ಒಂದು ರಾಗದ ಎಳೆ ಎಲ್ಲಿ ಹುಟ್ಟಿ ಎಲ್ಲಿ ಮರಳುತ್ತದೆ ಎಂದು ಆಯಮ್ಮ ವಾರ ವಾರವೂ ಹೇಳಿದರಂತೆ. ಷಡ್ಡಕರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಇದರಲ್ಲಿ ಭಾಗ ಎಷ್ಟು, ಮೇಡಂ?" ಉತ್ತರ ಸಿಕ್ಕಿದೊಡನೆ ಬಲಗೈಯನ್ನು ತೊಡೆಯ ಮೇಲಿಟ್ಟು, ಅಷ್ಟೇ ಬೆರಳು ಚಾಚಿ, ಮಡಚಲು ತಯಾರಾಗುತ್ತಿದ್ದರು. ಒಂದು ಭಾಗ ಮುಗಿದರೆ ಒಂದು ಬೆರಳು ಒಳಕ್ಕೆ, ಎಡಗೈಯ ಅಂಗೈ ಮೇಲಕ್ಕೆ. ಯಾರೂ ಕೆಮ್ಮಬಾರದು, ಕುರ್ಚಿ ಎಳೆಯಬಾರದು. ಉಪನ್ಯಾಸಕಿಗೆ ಇದು ಬೇರೆ ರೀತಿ ಕಂಡಿತು. "ಕೃತಿಯ ರಚನೆಯ ಬಗ್ಗೆ ಇಷ್ಟು ಕಾಳಜಿ ಇರೋ ವಿದ್ಯಾರ್ಥಿ ನನಗೆ ಈವರೆಗೂ ಸಿಕ್ಕಿರಲಿಲ್ಲ" ಎಂದು ತರಗತಿಯ ಎದುರಿಗೇ ಹೇಳಿದರಂತೆ. ಹುಡುಗರು ಇವರನ್ನು ಕೆಂಗಣ್ಣಿನಿಂದ ನೋಡತೊಡಗಿದರು.

ಹೀಗೆ ಮೆಚ್ಚುಗೆ ಸಿಕ್ಕಿದ ಮೇಲೆ ವಿದ್ಯೆ ತರಗತಿಯೊಳಗೆ ಸುಮ್ಮನಿರುವುದುಂಟೇ. ಅದು ಬಸ್ಸು ಹತ್ತಿ ನಮ್ಮ ಕಟ್ಟಡಕ್ಕೆ ಬಂತು.

ಮೊದಲು ಸಿಕ್ಕಿದವರು ಡ್ರಿಲ್ ಮಾಸ್ತರು. ಮೂರನೇ ಮಹಡಿಯವರು, ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸಿ ನಿವೃತ್ತರಾದವರು. ಸಂಜೆ ಮೆಟ್ಟಿಲ ಮೇಲೆ ಕೂತು ಒಂದು ನಗೆಹನಿ ಹೇಳುವುದು ಅವರ ಪದ್ಧತಿ, ಕೇಳಿ ನಗುವುದು ನಮ್ಮ ಪದ್ಧತಿ. ಅಂದು ಹೇಳಿ ಮುಗಿಸಿದರು. ನಾವು ಬಾಯಿ ತೆರೆಯುವಷ್ಟರಲ್ಲಿ ಷಡ್ಡಕರು ಅಂಗೈ ಎತ್ತಿದರು.

"ತಡೀರಿ. ಇನ್ನೂ ಒಂದು ಭಾಗ ಇದೆ."

ಮಾಸ್ತರು ಕಕ್ಕಾಬಿಕ್ಕಿಯಾದರು. ಅವರ ಹತ್ತಿರ ಇನ್ನೊಂದು ಭಾಗ ಇರಲಿಲ್ಲ. ಆದರೆ ಅಷ್ಟು ಜನ ಗಂಭೀರವಾಗಿ ಮುಖ ನೋಡುತ್ತಿರುವಾಗ ಇಲ್ಲ ಎನ್ನುವುದು ಹೇಗೆ. ತೊದಲುತ್ತ ಏನೋ ಜೋಡಿಸಿದರು. ಜೋಡಿಸಿದ್ದು ಮೊದಲಿನದಕ್ಕಿಂತ ಚೆನ್ನಾಗಿತ್ತು. ಅಷ್ಟು ವರ್ಷದಲ್ಲಿ ಮೊದಲ ಸಲ ನಾವು ನಿಜವಾಗಿ ನಕ್ಕೆವು. ಆ ಕ್ಷಣದಿಂದ ಡ್ರಿಲ್ ಮಾಸ್ತರು ನಮ್ಮ ಷಡ್ಡಕರ ಶಿಷ್ಯರಾದರು. ಕವಾಯತಿನವರ ಶಿಷ್ಯತ್ವ ಎಂದರೆ ಸಾಮಾನ್ಯವಲ್ಲ. ಯಾರು ಎಲ್ಲಿ ಮೊದಲೇ ನಕ್ಕರೂ, ಮೊದಲೇ ಮೆಚ್ಚಿದರೂ ಅವರ ಕೈ ಹಿಡಿದು ಕೆಳಕ್ಕೆ ಒತ್ತುತ್ತಿದ್ದರು. ಷಡ್ಡಕರಿಗೆ ಎಲ್ಲರೂ ಇಟ್ಟ ಹೆಸರು "ತಡೀರಿ". ಮಕ್ಕಳೂ "ತಡೀರಿ ಅಂಕಲ್" ಅಂದವು.

ನಮ್ಮ ಮನೆಗೆ ಊಟಕ್ಕೆ ಕರೆದರೆ ಕೈ ತೊಳೆದು ಒರೆಸಿಕೊಳ್ಳುವ ತನಕ ಚೆನ್ನಾಗಿದೆ ಎನ್ನಲಿಲ್ಲ. ನನ್ನಾಕೆ ಅಕ್ಕನನ್ನು ಅಡುಗೆಮನೆಗೆ ಕರೆದು ಕೇಳಿದಳು, "ಯಾಕಕ್ಕಾ, ಉಪ್ಪು ಜಾಸ್ತಿ ಆಗಿತ್ತಾ?" ಅತ್ತಿಗೆ ಹಣೆ ಚಚ್ಚಿಕೊಂಡರು. "ಉಪ್ಪೂ ಇಲ್ಲ ಖಾರವೂ ಇಲ್ಲ. ಊಟಕ್ಕೆ ಎಷ್ಟು ಭಾಗ ಅಂತ ನೀನು ಮೊದಲೇ ಹೇಳ್ಬೇಕಿತ್ತು."

ಇಷ್ಟಕ್ಕೆಲ್ಲ ನಾವು ನಗುತ್ತಿದ್ದೆವು, ನಿಜ. ಆದರೆ ಪುಟ್ಟಿಯ ಕೋಣೆಯ ಬಾಗಿಲ ಮುಂದೆ ನಿಂತ ಷಡ್ಡಕರನ್ನು ನೋಡಿದರೆ ನಗು ಬರುತ್ತಿರಲಿಲ್ಲ. ಈ ವರ್ಷವೂ ಅವಳು ಅದೇ ಕೃತಿಯನ್ನು ಅಭ್ಯಾಸ ಮಾಡುತ್ತಿದ್ದಳು, ಬಾಗಿಲು ಹಾಕಿಕೊಂಡು. ಹೊರಗೆ ಇವರು ಬೆರಳು ಮಡಚುತ್ತ ನಿಂತಿರುತ್ತಿದ್ದರು. ಮೂರನೆಯ ಭಾಗ ತಗ್ಗಿ ತಗ್ಗಿ ನಿಲ್ಲುತ್ತಿತ್ತು. ಇವರು ಯಾರೂ ಇಲ್ಲದ ನಡುಮನೆಯ ಕಡೆ ಅಂಗೈ ಎತ್ತುತ್ತಿದ್ದರು. ಒಳಗೆ ಮೌನ, ಹೊರಗೆ ಮೌನ. ಎಷ್ಟೋ ಹೊತ್ತಾದ ಮೇಲೆ ಪೆಟ್ಟಿಗೆ ಮುಚ್ಚುವ ಸದ್ದು. ನನ್ನ ಹತ್ತಿರ ಬಂದು ಹೆಮ್ಮೆಯಿಂದ ಹೇಳುತ್ತಿದ್ದರು, "ಎಂಥಾ ಮೌನ ಕಾಯ್ತಾಳೆ ಗೊತ್ತಾ ನನ್ನ ಮಗಳು. ನಾಲ್ಕನೇದನ್ನ ಶಾಲೆಯಲ್ಲಿ ನುಡಿಸ್ತಾಳೆ ಅಂತ ಕಾಣ್ಸುತ್ತೆ."

ನಿಜ ಏನೆಂದು ನನಗೆ ಹೇಳಿದವರು ಅತ್ತಿಗೆ. ಕೈಗಡಿಯಾರದ ಪಟ್ಟಿ ಬದಲಿಸುವ ನೆಪದಲ್ಲಿ ಅಂಗಡಿಗೆ ಬಂದರು.

"ನಾಲ್ಕನೇ ಭಾಗ ಅವಳ ಕೈಲಿ ಆಗ್ತಿಲ್ಲ. ಶುರು ಮಾಡೋಕೆ ಅಂತ ಕಮಾನು ಎತ್ತಿದ್ರೆ ಸಾಕು, ಅವತ್ತಿನ ಚಪ್ಪಾಳೆ ಕಿವೀಲಿ ಕೇಳುತ್ತಂತೆ. ಕಮಾನು ಇಳಿಸಿಬಿಡ್ತಾಳೆ. ಅವಳ ಟೀಚರು ನೋಡಿ ನೋಡಿ, ಈ ಸಲ ಮೂರೇ ಭಾಗ ಸಾಕು ಅಂದ್ಬಿಟ್ಟಿದ್ದಾರೆ."

"ಭಾವನಿಗೆ ಗೊತ್ತಾ?"

"ಅಯ್ಯೋ, ಬೇಡ. ಅವರಿಗೆ ಗೊತ್ತಾದ್ರೆ ಕುಸಿದು ಹೋಗ್ತಾರೆ. ಹೇಳ್ಬೇಡಿ. ಪುಟ್ಟಿನೂ ಅದೇ ಅಂದಿದ್ದಾಳೆ. ಅಪ್ಪನಿಗೆ ಹೇಳ್ಬೇಡಮ್ಮಾ ಅಂತ." ಪಟ್ಟಿ ಬದಲಿಸಿದ ಗಡಿಯಾರವನ್ನು ಕಟ್ಟಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡು ಅತ್ತಿಗೆ ಮೇಲೆ ಹೋದರು. ನನಗೆ ಆ ಸಂಜೆ ಯಾವ ಗಡಿಯಾರದ ಒಳಗೂ ಕಣ್ಣು ನಿಲ್ಲಲಿಲ್ಲ.

ಇದರ ನಡುವೆ ಕಚೇರಿಯಲ್ಲಿ ಆದದ್ದನ್ನು ಹೇಳಬೇಕು. ನೀರು ಸರಬರಾಜು ಇಲಾಖೆಯ ದೊಡ್ಡ ಸಾಹೇಬರು ಹೊಸ ಪಂಪುಮನೆಯ ಮುಂದೆ ಭಾಷಣ ಮಾಡಿದರು. ಅವರ ಭಾಷಣದಲ್ಲಿ ಎಲ್ಲೆಲ್ಲಿ ಚಪ್ಪಾಳೆ ಬೀಳಬೇಕು ಎಂದು ಸಿಬ್ಬಂದಿಗೆ ಬಾಯಿಪಾಠ. "ನಮ್ಮ ಇಲಾಖೆ ಎಂದೂ ನಿದ್ದೆ ಮಾಡಿದ್ದಿಲ್ಲ" ಎಂದು ಸಾಹೇಬರು ಒಂದು ಕೈ ಮೇಲೆತ್ತಿ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿದ್ದ ಷಡ್ಡಕರು ಅಂಗೈ ಎತ್ತಿದರು. ಹಿಂದಿನವರು, ಇವರೇನೋ ಸೂಚನೆ ಕೊಡುತ್ತಿದ್ದಾರೆ, ಮೇಲಿನಿಂದ ಹೇಳಿಕಳಿಸಿರಬೇಕು ಎಂದು ಕೈ ಕಟ್ಟಿ ಕೂತರು.

ಸಾಹೇಬರು ಕಾದರು. ಒಂದು ಸಲ ಗಂಟಲು ಸರಿಮಾಡಿಕೊಂಡರು. ಮೌನ. ಅವರ ಮುಖದಲ್ಲಿ ಬೆವರೊಡೆಯಿತು. ಸಿಬ್ಬಂದಿ ಒಗ್ಗಟ್ಟಾಗಿ ತಿರುಗಿಬಿದ್ದಿದೆ ಎಂದೇ ಅವರು ತಿಳಿದದ್ದು. "ಹಾಗೆಯೇ" ಎಂದು ಮುಂದುವರಿಸಿ, ದೂರಿನ ಕಿಟಕಿಯ ಹಿಂದೆ ಫ್ಯಾನು ಹಾಕಿಸುವುದಾಗಿ ಹೇಳಿದರು. ಮೌನ. ಸೋರುವ ಚಾವಣಿ ರಿಪೇರಿ ಮಾಡಿಸುವುದಾಗಿ ಹೇಳಿದರು. ಅಂಗೈ ಇಳಿಯಲಿಲ್ಲ. ಕೊನೆಗೆ, ಹೆಂಗಸರಿಗೆ ಬೇರೆ ಶೌಚಾಲಯ ಕಟ್ಟಿಸಿಕೊಡುತ್ತೇನೆ ಎಂದು, ಧ್ವನಿವರ್ಧಕದ ಕಂಬ ಬಿಟ್ಟು, ಕೈ ಇಳಿಸಿ ಕುಸಿದು ಕೂತರು. ಷಡ್ಡಕರು ಚಪ್ಪಾಳೆ ತಟ್ಟಿದರು. ಆ ಇಲಾಖೆಯಲ್ಲಿ ಅಂಥ ಚಪ್ಪಾಳೆ ಹಿಂದೆ ಬಿದ್ದಿರಲಿಲ್ಲ.

ಮಾರನೇ ದಿನ ಸಾಹೇಬರು ಒಳಗೆ ಕರೆಸಿದರು. "ಏನ್ರೀ, ಯಾರು ನಿಮ್ಮ ಹಿಂದೆ ಇರೋದು?"

"ಯಾರೂ ಇಲ್ಲ ಸರ್. ನೀವು ಕೈ ಇಳಿಸಿರಲಿಲ್ಲ."

"ಅಂದ್ರೆ?"

"ಕೈ ಇಳಿಸೋ ತನಕ ಮುಗಿದಿಲ್ಲ ಅಂತ ಲೆಕ್ಕ, ಸರ್. ಮಧ್ಯದಲ್ಲಿ ತಟ್ಟಿದ್ರೆ ನಿಮಗೇ ಅವಮಾನ."

ಸಾಹೇಬರು ಇವರನ್ನು ಬಹಳ ಹೊತ್ತು ನೋಡಿ, ಕೂತುಕೊಳ್ಳಿ ಎಂದರಂತೆ. ಆ ಕೋಣೆಯಲ್ಲಿ ಗುಮಾಸ್ತರಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಸಹೋದ್ಯೋಗಿಗಳಂತೂ ಇವರನ್ನು ತಲೆ ಮೇಲೆ ಹೊತ್ತುಕೊಂಡರು. ಫ್ಯಾನು ಬಂತು.

ಆದರೂ ಷಡ್ಡಕರಿಗೆ ಬೇಕಾಗಿದ್ದದ್ದು ಫ್ಯಾನಲ್ಲ. ಮಗಳ ಕಾರ್ಯಕ್ರಮ ಹತ್ತಿರ ಬರುತ್ತಿತ್ತು. ಬಾ ಎಂದು ಅವಳು ಹೇಳಿರಲಿಲ್ಲ, ಕೇಳುವ ಧೈರ್ಯ ಇವರಿಗಿರಲಿಲ್ಲ. ಒಂದು ದಿನ ನಾನೂ ಅವರ ಮನೆಯಲ್ಲೇ ಇದ್ದೆ, ಕೆಟ್ಟ ಗೋಡೆ ಗಡಿಯಾರ ಇಳಿಸುತ್ತಿದ್ದೆ. ಪುಟ್ಟಿ ಕೋಣೆಯಿಂದ ಹೊರಗೆ ಬಂದವಳು, ಬಾಗಿಲ ಮುಂದೆ ಅಂಗೈ ಎತ್ತಿ ನಿಂತಿದ್ದ ಅಪ್ಪನಿಗೆ ಡಿಕ್ಕಿ ಹೊಡೆಯುವುದರಲ್ಲಿದ್ದಳು.

"ಆ ಕ್ಲಾಸಲ್ಲಿ ಏನಪ್ಪಾ ಕಲೀತೀಯಾ ನೀನು?"

"ಕಾಯೋದು," ಅಂದರು ಷಡ್ಡಕರು.

ಅವಳು ಅವರನ್ನು ನೋಡಿದಳು. ನಗುತ್ತಾಳೇನೋ ಎಂದುಕೊಂಡೆ, ನಗಲಿಲ್ಲ. "ಹಾಗಾದ್ರೆ ಬಾ," ಎಂದು ಒಳಗೆ ಹೋದಳು. ಷಡ್ಡಕರು ನನ್ನ ಕೈಯಲ್ಲಿದ್ದ ಗಡಿಯಾರವನ್ನು ತಾವೇ ಇಸಿದುಕೊಂಡು ಎದೆಗೆ ಅವುಚಿಕೊಂಡು ನಿಂತರು, ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಸುದ್ದಿ ಹಬ್ಬಿತು. ತಡೀರಿಯವರು ಹೋಗುವ ಕಾರ್ಯಕ್ರಮ ಎಂದರೆ ಅವರ ಶಿಷ್ಯಕೋಟಿ ಬಿಡುತ್ತದೆಯೇ. ಡ್ರಿಲ್ ಮಾಸ್ತರು ಕಟ್ಟಡದವರನ್ನೆಲ್ಲ ಸಾಲಾಗಿ ಬಸ್ಸು ಹತ್ತಿಸಿದರು. ದೂರಿನ ಕಿಟಕಿಯವರು, ಮೀಟರು ಓದುವವರು, ಪಂಪುಮನೆಯವರು ಎಲ್ಲ ಬಂದರು. ಉಪನ್ಯಾಸಕಿಯನ್ನೂ ಷಡ್ಡಕರೇ ಆಹ್ವಾನಿಸಿದ್ದರು, ಅವರು ಮೊದಲ ಸಾಲಿನಲ್ಲಿ ಕೂತರು. ಅವರ ಹಿಂದಿನ ಸಾಲುಗಳೆಲ್ಲ ನಮ್ಮವರೇ. ಡ್ರಿಲ್ ಮಾಸ್ತರು ಕೊನೆಯ ಸಲ ಆಜ್ಞೆ ಕೊಟ್ಟರು: "ನಮ್ಮ ಕಣ್ಣು ಅವರ ಕೈ ಮೇಲೆ. ಆ ಕೈ ಇಳಿಯೋ ತನಕ ಒಬ್ಬರೂ ಮಿಸುಕಬಾರದು." ಈ ಗದ್ದಲದಲ್ಲಿ, ವೇದಿಕೆಯಿಂದ ಪುಟ್ಟಿಯ ಟೀಚರು ಮೂರು ಭಾಗಗಳನ್ನು ನುಡಿಸಲಾಗುವುದು ಎಂದು ಹೇಳಿದ್ದು ನಮ್ಮ ಸಾಲುಗಳಲ್ಲಿ ಯಾರ ಕಿವಿಗೂ ಬೀಳಲಿಲ್ಲ. ನನ್ನ ಕಿವಿಗೆ ಮಾತ್ರ ಬಿತ್ತು, ನನಗೆ ಮೊದಲೇ ಗೊತ್ತಿತ್ತು.

ಪುಟ್ಟಿ ಬಂದಳು. ಟೀಚರು ಪಿಯಾನೊ ಮುಂದೆ ಕೂತರು. ಮೊದಲ ಭಾಗ ಆಯಿತು. ಷಡ್ಡಕರ ಬೆರಳು ಒಳಕ್ಕೆ, ಅಂಗೈ ಮೇಲಕ್ಕೆ. ನಮ್ಮವರು ಉಸಿರೂ ಬಿಡಲಿಲ್ಲ. ಎರಡನೆಯದು ಆಯಿತು, ಹಾಗೆಯೇ. ಮೂರನೆಯದು ತಗ್ಗಿ ತಗ್ಗಿ ನಿಂತಿತು. ಪುಟ್ಟಿ ಕಮಾನನ್ನೂ ಇಳಿಸಿದಳು, ಪಿಟೀಲನ್ನೂ ಇಳಿಸಿದಳು. ಟೀಚರು ತಮ್ಮ ಪುಸ್ತಕ ಮುಚ್ಚಿದರು. ಕೈ ಇಳಿದರೆ ಮುಗಿಯಿತು ಎಂದು ಸಾಹೇಬರಿಗೆ ಪಾಠ ಹೇಳಿದವರು ಯಾರು, ಇವರೇ. ಆದರೆ ಇವರು ಮಗಳ ಕೈಯನ್ನು ನೋಡುತ್ತಿರಲಿಲ್ಲ, ತಮ್ಮ ಬೆರಳನ್ನು ನೋಡುತ್ತಿದ್ದರು. ಮಡಚದ ಬೆರಳು ಇನ್ನೂ ಒಂದಿತ್ತು. ಅಂಗೈ ಮೇಲೇ ನಿಂತಿತು.

ಯಾರೂ ತಟ್ಟಲಿಲ್ಲ.

ನಮ್ಮವರು ತಟ್ಟುವ ಮಾತೇ ಇಲ್ಲ. ಮೊದಲ ಸಾಲಿನ ಉಪನ್ಯಾಸಕಿ ಹಿಂದಕ್ಕೆ ತಿರುಗಿ ತಮ್ಮ ನೆಚ್ಚಿನ ವಿದ್ಯಾರ್ಥಿಯ ಅಂಗೈ ಕಂಡರು. ಎಂಥ ಕೇಳುಗ ಎಂಬ ಭಾವದಲ್ಲಿ ಕಣ್ಣು ಮುಚ್ಚಿಕೊಂಡರು. ಅವರು ಕಣ್ಣು ಮುಚ್ಚಿದ್ದು ನೋಡಿ ಅವರ ಪಕ್ಕದ ದೊಡ್ಡ ಮನುಷ್ಯರೂ ಮುಚ್ಚಿದರು. ಉಳಿದ ಸಭಿಕರು, ತಿಳಿದವರೇ ಇಷ್ಟು ಜನ ಸುಮ್ಮನಿರುವಾಗ ನಾವು ತಟ್ಟಿ ನಗೆಪಾಟಲಾಗುವುದೇಕೆ ಎಂದು ಮಡಿಲಲ್ಲಿ ಕೈ ಇಟ್ಟುಕೊಂಡರು. ಅಂಗಡಿಯಲ್ಲಿ ಷಡ್ಡಕರು ಕೇಳಿದ್ದ ಪ್ರಶ್ನೆ ನನಗೆ ನೆನಪಾಯಿತು.

ಅತ್ತಿಗೆ ಗಂಡನ ಮೊಣಕೈ ಜಗ್ಗಿದರು. ಇವಳಿಗೆ ಪಾಪ ತಿಳಿಯದು ಎಂದು ಷಡ್ಡಕರು ಬೆರಳು ಬಿಚ್ಚದೆ ಮೊಣಕೈಯಿಂದಲೇ ಅತ್ತಿಗೆಯ ಎರಡೂ ಕೈಗಳನ್ನು ಅದುಮಿದರು. ವೇದಿಕೆಯ ಮೇಲೆ ಹುಡುಗಿ ಒಬ್ಬಳೇ. ಅವಳ ಮುಖ ಬಿಳಿಚಿಕೊಳ್ಳುತ್ತಿತ್ತು. ಇಡೀ ಸಭೆಗೆ ತನ್ನ ಸಂಗೀತ ಹಿಡಿಸಲಿಲ್ಲ ಎಂದಲ್ಲದೆ ಆ ಮಗು ಬೇರೇನು ತಿಳಿದಾಳು. ನನಗೆ ತಡೆಯಲಾಗಲಿಲ್ಲ. ಆದದ್ದಾಗಲಿ ಎಂದು ಒಂದು ಚಪ್ಪಾಳೆ ತಟ್ಟಿದೆ.

ಒಂದೇ. ಎರಡನೆಯದಕ್ಕೆ ಡ್ರಿಲ್ ಮಾಸ್ತರು ಬಿಡಲಿಲ್ಲ. ಅವರ ಹಿಡಿತಕ್ಕೆ ನನ್ನ ಮಣಿಕಟ್ಟು ಲಟಕ್ಕೆಂದಿತು. ಮೂರು ಸಾಲುಗಳು ತಿರುಗಿ ನನ್ನನ್ನು ನೋಡಿ "ಶ್" ಎಂದವು. ನನ್ನ ಹೆಂಡತಿಯೂ ಎಂದಳು.

ಆ ಒಂಟಿ ಸದ್ದಿಗೆ ಪುಟ್ಟಿ ಬೆಚ್ಚಿ ನಮ್ಮ ಕಡೆ ನೋಡಿದಳು. ಆಗ ಅವಳಿಗೆ ಅಪ್ಪ ಕಂಡರು. ಎತ್ತಿದ ಅಂಗೈ, ತೊಡೆಯ ಮೇಲೆ ಮಡಚಿದ ಬೆರಳುಗಳು, ಮಡಚದೆ ಉಳಿದ ಒಂದು. ಯಾವ ಅನುಮಾನವೂ ಇಲ್ಲದ ಮುಖ. ಸಭೆಗೆ ಹಿಡಿಸಲಿಲ್ಲ ಎಂದಲ್ಲ, ಇಡೀ ಸಭೆ ಅಪ್ಪನ ಕೈಗೆ ಕಾಯುತ್ತಿದೆ, ಅಪ್ಪ ತನಗೆ ಕಾಯುತ್ತಿದ್ದಾರೆ. ಇದೆಲ್ಲ ಅವಳಿಗೆ ಹೊಳೆದದ್ದು ನನಗೆ ಕೂತಲ್ಲಿಂದಲೇ ಕಂಡಿತು. ಅವಳು ತಲೆ ತಗ್ಗಿಸಿದಳು. ಒಳಗೆ ಹೋಗಿಬಿಡುತ್ತಾಳೆ ಎಂದುಕೊಂಡೆ. ಆ ಮೌನ ಎಷ್ಟು ಹೊತ್ತಿತ್ತು ಎಂದು ಗಡಿಯಾರದವನಾದ ನಾನೂ ಹೇಳಲಾರೆ.

ಪುಟ್ಟಿ ಪಿಟೀಲನ್ನು ಕತ್ತಿಗೆ ಇಟ್ಟುಕೊಂಡಳು.

ಟೀಚರು ಗಾಬರಿಯಿಂದ ಪುಸ್ತಕ ಮತ್ತೆ ತೆರೆದು ಪುಟ ಹುಡುಕಿದರು. ಸಿಗುವ ಮೊದಲೇ ಅವಳು ಶುರು ಮಾಡಿಬಿಟ್ಟಿದ್ದಳು. ಒಂದು ಕಡೆ ತಪ್ಪಿತು. ಹೋದ ವರ್ಷ ನಿಂತ ಜಾಗದಲ್ಲೇ ಎಂದು ಕಾಣುತ್ತದೆ. ಅತ್ತಿಗೆ ಕಣ್ಣು ಮುಚ್ಚಿಕೊಂಡರು. ಆದರೆ ಅವಳು ನಿಲ್ಲಿಸಲಿಲ್ಲ, ತಪ್ಪಿನ ಮೇಲೆಯೇ ಹಾಯ್ದು ಹೋದಳು. ಅಷ್ಟರಲ್ಲಿ ಪಿಯಾನೊ ಜೊತೆಗೂಡಿತು. ಆಮೇಲೆ ಓಟವೇ ಓಟ. ಸಂಗೀತದ ಗಂಧ ನನಗಿಲ್ಲ. ಬಹಳ ದಿನ ನಿಂತುಹೋಗಿದ್ದ ಗಡಿಯಾರ ಕೈಯಲ್ಲಿ ಮತ್ತೆ ಮಿಡಿದಾಗ ಆಗುತ್ತದಲ್ಲ, ಆ ಸಂತೋಷ ನನಗಾಯಿತು ಎಂದಷ್ಟೇ ಹೇಳಬಲ್ಲೆ.

ಕೊನೆಯ ಬಾರಿ ಕಮಾನು ಎಳೆದು ಪುಟ್ಟಿ ಕೈ ಇಳಿಸಿದಳು. ಎಲ್ಲರೂ ಷಡ್ಡಕರ ಕಡೆ ನೋಡಿದರು. ಅಂಗೈ ಇನ್ನೂ ಮೇಲೇ ಇತ್ತು.

ವಿಷಯ ಏನೆಂದರೆ, ಮೊದಲ ಮೂರು ಭಾಗಗಳಲ್ಲಿ ಅವರು ಎಣಿಸುತ್ತಿದ್ದರು. ನಾಲ್ಕನೆಯದರಲ್ಲಿ ಕಾಯಬೇಕಾದದ್ದು ಏನೂ ಉಳಿದಿರಲಿಲ್ಲ. ಮಾಡಲು ಬೇರೆ ಕೆಲಸವಿಲ್ಲದೆ, ಆ ಕೋರ್ಸಿಗೆ ಸೇರಿದಂದಿನಿಂದ ಮೊದಲ ಸಲ, ಅವರು ಸಂಗೀತ ಕೇಳಿದ್ದರು. ಕಣ್ಣೀರು ಗಲ್ಲದ ಮೇಲೆ ಇಳಿದು ಅಂಗಿಯ ಕಾಲರು ಒದ್ದೆಯಾಗಿತ್ತು. ಕೈ ಮೇಲಿದೆ ಎನ್ನುವುದೇ ಅವರಿಗೆ ಮರೆತುಹೋಗಿತ್ತು. ಸಭೆ ಮತ್ತೆ ಕಾಯತೊಡಗಿತು.

ವೇದಿಕೆಯ ಅಂಚಿಗೆ ಬಂದು ಪುಟ್ಟಿ ಮೆಲ್ಲಗೆ ಹೇಳಿದಳು. ಆ ಮೌನದಲ್ಲಿ ಅದು ಕೊನೆಯ ಸಾಲಿಗೂ ಕೇಳಿಸಿತು.

"ಅಪ್ಪಾ, ಮುಗೀತು."

ಷಡ್ಡಕರು ತಮ್ಮ ಅಂಗೈಯನ್ನು ಬೇರೆ ಯಾರದೋ ಎಂಬ ಹಾಗೆ ನೋಡಿ ಇಳಿಸಿದರು. ಆಗ ಚಪ್ಪಾಳೆ ಬಿತ್ತು. ಡ್ರಿಲ್ ಮಾಸ್ತರು ಬೆಂಚಿನ ಮೇಲೆ ಹತ್ತಿ ನಿಂತು ತಟ್ಟಿದರು. ಪಂಪುಮನೆಯವರು ಕಾಲನ್ನೂ ಕುಟ್ಟಿದರು. ಅಷ್ಟು ಜನರಲ್ಲಿ ತಟ್ಟದೆ ಉಳಿದವರು ಷಡ್ಡಕರೊಬ್ಬರೇ. ಕರವಸ್ತ್ರ ಹುಡುಕುತ್ತಿದ್ದರು.

ಬಸ್ಸಿನಲ್ಲಿ ಪುಟ್ಟಿ ಅಪ್ಪನ ಪಕ್ಕ ಕೂತಳು. ಪೆಟ್ಟಿಗೆ ನನ್ನ ಮಡಿಲಿಗೆ ಬಂತು. ಡ್ರಿಲ್ ಮಾಸ್ತರ ಹಿಡಿತದಿಂದ ನನ್ನ ಮಣಿಕಟ್ಟು ಊದಿಕೊಂಡಿತ್ತು, ಅದನ್ನು ಯಾರೂ ಕೇಳಲಿಲ್ಲ. ಷಡ್ಡಕರು ಕರವಸ್ತ್ರ ಮಡಚಿ ಜೇಬಿಗಿಟ್ಟರು. ಆಮೇಲೆ ಏನೋ ಕಳೆದುಕೊಂಡದ್ದು ನೆನಪಾದವರಂತೆ ಹೇಳಿದರು:

"ನಾನು ತಟ್ಟಲೇ ಇಲ್ಲ, ಪುಟ್ಟಿ."

"ನೋಡಿದೆ."

"ಈಗ ತಟ್ಟಬಹುದಾ?"

ಅವಳು ಕಿಟಕಿಯ ಹೊರಗೆ ನೋಡಿದಳು, ಸ್ವಲ್ಪ ಯೋಚಿಸಿದಳು. "ಈಗ ತಟ್ಟಬಹುದು."

ಷಡ್ಡಕರು ಸೀಟಿನಿಂದ ಎದ್ದು ನಿಂತು, ಮೊಹರು ಕುಟ್ಟುವ ಎರಡು ಕೈಗಳಿಂದ, ತಟ್ಟಿದರು. ಚಾಲಕ ಗಕ್ಕನೆ ಬ್ರೇಕು ಹಾಕಿದ. ನಿಲ್ದಾಣವಲ್ಲದ ಜಾಗ, ಎರಡೂ ಕಡೆ ಬರೀ ಗೋದಾಮಿನ ಗೋಡೆ. ಬಾಗಿಲು ತೆರೆಯಿತು. ಇವರು ತಟ್ಟುತ್ತಲೇ ಇದ್ದರು. ಪುಟ್ಟಿ ಎದ್ದು, ಕಂಬಿ ಹಿಡಿದುಕೊಂಡು, ಬಸ್ಸಿನ ನಡುವೆ ನಿಂತು, ವೇದಿಕೆಯ ಮೇಲೆ ಮಾಡುವ ಹಾಗೆಯೇ ಅಪ್ಪನಿಗೆ ತಲೆ ಬಾಗಿಸಿದಳು.

"ಯಾರ್ರೀ ಇಳಿಯೋದು? ಬೇಗ ಇಳೀರಿ," ಅಂದ ಚಾಲಕ, ಹಿಂದಕ್ಕೆ ತಿರುಗಿ.

ಷಡ್ಡಕರ ಎರಡೂ ಕೈಗಳು ಕೆಲಸದಲ್ಲಿದ್ದವು. ಆದ್ದರಿಂದ ಊದಿದ ಮಣಿಕಟ್ಟಿನ ಕೈಯನ್ನೇ ನಾನು ಮೇಲೆತ್ತಿ, ಅಂಗೈ ಚಾಲಕನ ಕಡೆ ತಿರುಗಿಸಿದೆ.

"ತಡೀರಿ," ಅಂದೆ.